ಗರಡಿ ಮನೆಯ ಹಳದಿ ಬೆಲ್ಟು

ಕಳೆದ ಭಾನುವಾರ ಮಧ್ಯಾಹ್ನ ನಾನು ಮನೆಗೆ ಬಂದಾಗ ಅತ್ತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಅಡಿಯಿಂದ ಮುಡಿಯವರೆಗೆ ನೋಡಿದರು. ಹತ್ತಿರ ಬಂದು ಮೂಸಿದರು.

"ಯಾರ ಮನಿ ಅರಿಷಿಣಕ್ಕ ಹೋಗಿದ್ಯವ್ವಾ?" ಎಂದರು.

ತಪ್ಪು ಅವರದಲ್ಲ. ನನ್ನ ಅಂಗೈ ಹಳದಿ, ಪಾದ ಹಳದಿ, ಮೊಣಕೈ ಹಳದಿ, ಮೂಗಿನ ತುದಿಯೂ ಹಳದಿ. ಮದುವೆ ಹುಡುಗಿಗೂ ಯಾರೂ ಇಷ್ಟು ಧಾರಾಳವಾಗಿ ಹಚ್ಚುವುದಿಲ್ಲ. ಆದರೆ ನಾನು ಹೋಗಿದ್ದು ಪರೀಕ್ಷೆಗೆ. ಅದೂ ಕರಾಟೆ ಪರೀಕ್ಷೆಗೆ.

(ನಗಬೇಡಿ. ನಕ್ಕಿದ್ದಾಯಿತೇ? ಸರಿ, ಮುಂದೆ ಓದಿ.)

ಐವತ್ತು ದಾಟಿದ ಹೆಂಗಸು, ಹರಪನಹಳ್ಳಿಯಂಥ ಊರಿನಲ್ಲಿ, ಬಿಳಿ ಪ್ಯಾಂಟು ಬಿಳಿ ಅಂಗಿ ತೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದು, ಗಾಳಿಗೆ ಗುದ್ದು ಹಾಕುವುದಕ್ಕೆ ಮೂಲ ಕಾರಣ ನಮ್ಮ ಡಾಕ್ಟರು. ಶುಗರ್ ಅಂಚಿಗೆ ಬಂದು ನಿಂತಿದೆ, ದಿನಾ ಬೆವರು ಬರುವ ಹಾಗೆ ವಾಕಿಂಗ್ ಮಾಡಿ ಎಂದರು. ಮಾಡಿದೆ. ನಮ್ಮ ವಾಕಿಂಗ್ ಗುಂಪಿನಲ್ಲಿ ಒಂದು ಸುತ್ತು ನಡಿಗೆ, ಉಳಿದ ಹೊತ್ತೆಲ್ಲ ಕಟ್ಟೆ ಮೇಲೆ ಕೂತು ಅವರವರ ಸೊಸೆಯರ ಸುದ್ದಿ. ಅಲ್ಲಿ ಯಾರಾದರೂ ಬೆವರಿದ್ದರೆ ಮನೆಯಲ್ಲಿದ್ದ ಆ ಸೊಸೆಯರೇ ಇರಬೇಕು.

ಹೀಗಿರುವಾಗ ಒಂದು ಸಂಜೆ ಗರಡಿ ಮನೆಯ ಮುಂದೆ ಹಾದು ಬರುತ್ತಿದ್ದೆ. ಒಳಗಿಂದ ಮಕ್ಕಳ ಕೂಗು. ಇಣುಕಿದರೆ ಸಲ್ಮಾ ಕರಾಟೆ ಕಲಿಸುತ್ತಿದ್ದಾಳೆ!

ಸಲ್ಮಾ ನಮ್ಮ ಬೀಜ-ಗೊಬ್ಬರದ ಅಂಗಡಿ ಎದುರಿನ ವೆಲ್ಡಿಂಗ್ ಶಾಪಿನವರ ಮಗಳು. ಸಣ್ಣವಳಿದ್ದಾಗ ನಮ್ಮ ಅಂಗಡಿಗೆ ಓಡಿ ಬಂದು, ತಕ್ಕಡಿಯಲ್ಲಿ ಕೂತು, ತನ್ನನ್ನು ತೂಗಲು ಹಟ ಮಾಡುತ್ತಿದ್ದವಳು. ಈಗ ಬ್ಲ್ಯಾಕ್ ಬೆಲ್ಟು. ದಾವಣಗೆರೆಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಹೋಗಿ ಬಂದು ಕಲಿತಿದ್ದಾಳೆ. ನನ್ನನ್ನು ನೋಡಿ, "ಒಳಗ ಬರ್ರಿ ಆಂಟಿ, ಹೊರಗ ನಿಂತು ನೋಡಿದ್ರ ಶುಗರ್ ಇಳಿಯಂಗಿಲ್ಲ" ಎಂದಳು. (ನನ್ನ ಶುಗರ್ ವಿಷಯ ಅವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ವಾಕಿಂಗ್ ಗುಂಪು ಇರುವುದು ಯಾತಕ್ಕೆ?)

ಮರುದಿನವೇ ಸೇರಿಕೊಂಡೆ. ಹೊರಗೆ ಅವಳು ಸಲ್ಮಾ, ನಾನು ಆಂಟಿ. ಗರಡಿಯ ಹೊಸ್ತಿಲು ದಾಟಿದರೆ ಅವಳು ಮೇಡಂ, ನಾನು ಕೊನೆಯ ಸಾಲಿನ ಬಿಳಿ ಬೆಲ್ಟು. ನನ್ನ ಎಡಕ್ಕೂ ಬಲಕ್ಕೂ ಹಾಲುಹಲ್ಲು ಬಿದ್ದ ಮಕ್ಕಳು.

ಆ ಗರಡಿಯ ಯಜಮಾನರು ಹಾಲಪ್ಪಜ್ಜ. ಪ್ರಾಯದಲ್ಲಿ ಕೊಟ್ಟೂರಿನಿಂದ ಹಡಗಲಿಯವರೆಗೆ ಕುಸ್ತಿ ಹಿಡಿದು ಬಂದ ಉಸ್ತಾದರು. ಹಿಡಿತಕ್ಕೆ ಸಿಕ್ಕು ಸಿಕ್ಕು ಕಿವಿ ಎರಡೂ ಮುರುಟಿ ಹೋಗಿವೆ. ಈಗ ಕುಸ್ತಿ ಕಲಿಯಲು ಯಾರೂ ಬರುವುದಿಲ್ಲ. ಅಜ್ಜ ಮಾತ್ರ ದಿನಾ ಬೀಗ ತೆಗೆದು, ಗೂಡಿನಲ್ಲಿರುವ ಹನುಮಪ್ಪನಿಗೆ ದೀಪ ಹಚ್ಚಿ, ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬಾಗಿಲು ಹಾಕಿದ ಗರಡಿ ಗೋದಾಮು ಆಗಿಬಿಡುತ್ತದೆ ಎಂಬ ಹೆದರಿಕೆಯಿಂದಲೇ ಸಲ್ಮಾಗೆ ಜಾಗ ಕೊಟ್ಟವರು ಅವರು. ಒಂದು ಕಡೆ ಅವರ ಕುಸ್ತಿ ಕಣದ ಕೆಮ್ಮಣ್ಣು. ಇನ್ನೊಂದು ಕಡೆ ನೆಲದ ಮೇಲೆ ಸಲ್ಮಾಳ ನೀಲಿ ರಬ್ಬರ್ ಮ್ಯಾಟು.

ಕರಾಟೆ ಬಗ್ಗೆ ಅಜ್ಜನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ. ಎದುರಿಗೆ ಯಾರೂ ಇಲ್ಲದಿದ್ದರೂ ಹೊಡೆಯುತ್ತಾರಲ್ಲ, ಗಾಳಿ ಇವರಿಗೇನು ಮಾಡಿತ್ತು ಎಂದು ಕೇಳುತ್ತಿರುತ್ತಾರೆ. ಆದರೂ ಒಂದು ದಿನ ಸಲ್ಮಾ ಬರುವುದು ತಡವಾದರೆ ಬೀದಿ ತುದಿಯವರೆಗೆ ಹೋಗಿ ನೋಡಿ ಬರುತ್ತಾರೆ.

ಇನ್ನು ನಮ್ಮ ಮನೆಯವರ ವಿಷಯ. (ರೀ, ನಿಮ್ಮ ಪ್ರವೇಶ ಆಯಿತು. ನನ್ನ ಅಂಕಣವನ್ನು ನೀವು ಓದುವುದೇ ನಿಮ್ಮ ಬಗ್ಗೆ ಏನು ಬರೆದಿದ್ದೇನೆ ಎಂದು ನೋಡಲು ತಾನೇ?) ನಾನು ಕರಾಟೆ ಸೇರಿದೆ ಎಂದ ಕೂಡಲೇ ಅವರು ನನ್ನ ಹಳೆಯ ದಾಖಲೆಗಳನ್ನೆಲ್ಲ ಬಿಚ್ಚಿದರು. ಹಾರ್ಮೋನಿಯಂ ಕಲಿಯಲು ಹೋಗಿ ಬಿಟ್ಟಿದ್ದು. ಸ್ಪೋಕನ್ ಇಂಗ್ಲಿಷಿಗೆ ಹೋಗಿ ಬಿಟ್ಟಿದ್ದು. ಯೋಗಕ್ಕೆಂದು ತಂದ ಚಾಪೆ ಈಗ ನೀರಿನ ಮೋಟಾರಿನ ಮೇಲೆ ಹೊದಿಕೆಯಾಗಿರುವುದು. ಕೊನೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು.

"ಹಳದಿ ಬೆಲ್ಟ್ ತಗೊಂಡ್ರ ಮುಂದುವರಿ. ಇಲ್ಲಂದ್ರ ಬಿಟ್ಟುಬಿಡು. ಆ ಬಿಳಿ ಅಂಗಿ ನನ್ನ ಗಾಡಿ ಒರಸಾಕ ಬೇಕು," ಎಂದರು.

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ದಿಗಿಲಾಯಿತು. ಯಾಕೆಂದರೆ ಈ ಸಲ ನನಗೆ ಬಿಡುವ ಮನಸ್ಸೇ ಇರಲಿಲ್ಲ. ಸಂಜೆಯ ಆ ಒಂದು ಗಂಟೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸಬೇಕಾಗಿಲ್ಲ. ಕೂಗುವವಳು ನಾನೇ! ಗುದ್ದಿನ ಜೊತೆ ಹೊಟ್ಟೆಯಿಂದ ಕೂಗು ಹೊರಡಬೇಕು ಎಂದು ಸಲ್ಮಾ ಹೇಳಿಕೊಟ್ಟ ದಿನ ನನ್ನ ಕೂಗಿಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಇಷ್ಟು ವರ್ಷ ಈ ದನಿ ಎಲ್ಲಿತ್ತು? ಮನೆಗೆ ಬರುವಾಗ ರಸ್ತೆಯಲ್ಲಿ ಒಬ್ಬಳೇ ನಗುತ್ತಾ ಬಂದೆ. ಅಷ್ಟು ಖುಷಿ.

ಸಲ್ಮಾಳ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ಶುರುವಾಗುವ ಮುಂಚೆ ಎಲ್ಲರೂ ಸಾಲಾಗಿ ನಿಂತು ಬಗ್ಗಿ ನಮಸ್ಕಾರ ಮಾಡಬೇಕು. ಆಮೇಲೆ ಅವಳು ಒಬ್ಬೊಬ್ಬರ ಎದುರು ನಿಂತು ಕೇಳುತ್ತಾಳೆ: "ಇವತ್ತು ಎಲ್ಲಿ ನೋವು?"

ನೋವು ಇದೆಯೋ ಇಲ್ಲವೋ ಎಂದು ಕೇಳುವುದಿಲ್ಲ. ಎಲ್ಲಿ ಎಂದೇ ಕೇಳುತ್ತಾಳೆ. ಮಕ್ಕಳಿಗೆ ಈ ಪ್ರಶ್ನೆ ಎಂದರೆ ಹಬ್ಬ. ತೆಲಿಗಿಯಿಂದ ಬಸ್ಸಿನಲ್ಲಿ ನಿಂತು ಬಂದವರು ಹಿಮ್ಮಡಿ ತೋರಿಸುತ್ತಾರೆ. ನೀಲಗುಂದದ ಹುಡುಗಿ ಅಣ್ಣ ಗುದ್ದಿದ ಬೆನ್ನು ತೋರಿಸುತ್ತಾಳೆ. ಹೋಂವರ್ಕ್ ಬರೆದೂ ಬರೆದೂ ಬೆರಳು ನೋಯುತ್ತಿದೆ ಎನ್ನುವವರೂ ಇದ್ದಾರೆ. ಸಲ್ಮಾ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಳ್ಳುತ್ತಾಳೆ. ಹಿಮ್ಮಡಿ ನೋವಿನವರಿಗೆ ಅವತ್ತು ಜಿಗಿತ ಇಲ್ಲ. ಬೆರಳು ನೋವಿನವರಿಗೆ ಬರೀ ಕಾಲಿನ ಕೆಲಸ.

ನನ್ನ ಸರದಿ ಬಂದಾಗ ನಾನು ಹೇಳುವುದು ಒಂದೇ. "ಆರಾಮ್ ಮೇಡಂ."

ನಮ್ಮ ಕಡೆ ಆರಾಮ್ ಎನ್ನುವುದು ಉಸಿರಾಟದಷ್ಟೇ ಸಲೀಸು. ಜ್ವರ ಬಂದು ಮಲಗಿದವರನ್ನು ನೋಡಲು ಹೋಗಿ "ಆರಾಮ್ ಏನ್ರಿ" ಎನ್ನುತ್ತೇವೆ. ಅವರೂ ದುಪ್ಪಟಿಯ ಒಳಗಿನಿಂದಲೇ "ಆರಾಮ್ ರಿ" ಎನ್ನುತ್ತಾರೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಆರಾಮ್. ಡ್ರಿಪ್ ಹಚ್ಚಿಸಿಕೊಂಡವರು ಆರಾಮ್. ಅದರಲ್ಲೂ ಹೆಂಗಸರು ನೋವು ಎಂದರೆ ಮುಗಿಯಿತು, ಕೇಳಿದವರೆಲ್ಲ ತಮ್ಮ ನೋವು ಅದಕ್ಕಿಂತ ದೊಡ್ಡದು ಎಂದು ಶುರು ಮಾಡುತ್ತಾರೆ. ಅದಕ್ಕಿಂತ ಆರಾಮ್ ಎಂದುಬಿಡುವುದೇ ಸುಲಭ.

ನಿಜ ಹೇಳುತ್ತೇನೆ. ನನ್ನ ಎಡಗಾಲಿನ ಮಂಡಿ ಆರಾಮ್ ಇರಲಿಲ್ಲ. ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ತಗ್ಗಿ ನಿಲ್ಲುವ ಒಂದು ಭಂಗಿ ಇದೆ. ಹಳದಿ ಬೆಲ್ಟಿಗೆ ಅದೇ ಮುಖ್ಯ. ಅದನ್ನು ಮಾಡಿದಾಗಲೆಲ್ಲ ಮಂಡಿಯ ಒಳಗೆ ಯಾರೋ ಮೊಳೆ ಹೊಡೆದಂತಾಗುತ್ತಿತ್ತು. ಹೇಳಿದರೆ ಸಲ್ಮಾ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಇಲ್ಲದಿದ್ದರೆ ಬೆಲ್ಟಿಲ್ಲ. ಬೆಲ್ಟಿಲ್ಲದಿದ್ದರೆ ನನ್ನ ಅಂಗಿ ಗಾಡಿ ಒರೆಸಲು! ಹಾಗಾಗಿ ಪ್ಯಾಂಟಿನೊಳಗೆ ಮಂಡಿಗೆ ಪಟ್ಟಿ ಸುತ್ತಿಕೊಂಡು ಹೋಗತೊಡಗಿದೆ. ಮನೆಯ ಅಲಮಾರಿನಲ್ಲಿದ್ದ ನೋವಿನ ಎಣ್ಣೆಯನ್ನು ಯಾರೂ ಇಲ್ಲದಾಗ ಹಚ್ಚಿಕೊಳ್ಳುತ್ತಿದ್ದೆ. ಆ ಬಾಟಲಿ ನಾನು ಹಚ್ಚಿಕೊಂಡಿದ್ದಕ್ಕಿಂತ ಬೇಗ ಖಾಲಿಯಾಗುತ್ತಿದೆ ಅನ್ನಿಸಿತು. ಆಗ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಬಂತು.

ದಾವಣಗೆರೆಯಿಂದ ದೊಡ್ಡ ಮಾಸ್ಟರು ಬಂದರು. ಸಲ್ಮಾಗೆ ಕಲಿಸಿದ ಗುರುಗಳು. ಅಗಲ ಎದೆ, ನರೆತ ಮೀಸೆ, ನಗುವೇ ಇಲ್ಲದ ಮುಖ. ಮಕ್ಕಳ ತಾಯಿ-ತಂದೆಯರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಹಾಲಪ್ಪಜ್ಜ ಇಸ್ತ್ರಿ ಮಾಡಿದ ರುಮಾಲು ಸುತ್ತಿಕೊಂಡು, ಮದುವೆ ಮನೆಯ ಹಿರಿಯರ ಹಾಗೆ ಕುರ್ಚಿಯಲ್ಲಿ ಕೂತಿದ್ದರು. ಗರಡಿಯೊಳಗೆ ಏನೋ ವಾಸನೆ. ಒಗ್ಗರಣೆಗೆ ಮುಂಚಿನ ಅಡುಗೆ ಮನೆಯ ವಾಸನೆ. ಪಕ್ಕದ ಮನೆಯಲ್ಲಿ ಚಿತ್ರಾನ್ನ ಇರಬೇಕು ಅಂದುಕೊಂಡೆ. ನೀಲಿ ಮ್ಯಾಟು ಯಾಕೋ ಹಸಿರಾಗಿ ಕಾಣುತ್ತಿತ್ತು. ಬೆಳಕಿನ ದೋಷ ಇರಬೇಕು ಅಂದುಕೊಂಡೆ.

ಮೊದಲ ಸಾಲಿನ ಮಕ್ಕಳು ಮ್ಯಾಟಿನ ಮೇಲೆ ನಿಂತರು. ಸಲ್ಮಾ ಅಪ್ಪಣೆ ಕೊಟ್ಟಳು. ಎಲ್ಲರೂ ಒಟ್ಟಿಗೆ ಕಾಲೆತ್ತಿ ಒದ್ದರು.

ಎತ್ತಿದ ಕಾಲು ಸರಿಯಾಗೇ ಹೋಯಿತು. ನೆಲದ ಮೇಲಿದ್ದ ಕಾಲೂ ಅದರ ಹಿಂದೆಯೇ ಹೋಯಿತು! ಒಬ್ಬಳು ಜಾರಿ ಪಕ್ಕದವಳ ಅಂಗಿ ಹಿಡಿದಳು. ಅವಳು ಮುಂದಿನವನ ಬೆಲ್ಟು ಹಿಡಿದಳು. ಇಡೀ ಸಾಲು ಒಂದೇ ಉಸಿರಿಗೆ ಮಲಗಿತು. ಎತ್ತಲು ಓಡಿದ ನಾನು ಕೂತ ಭಂಗಿಯಲ್ಲೇ ಮ್ಯಾಟಿನ ಈ ತುದಿಯಿಂದ ಆ ತುದಿಗೆ ತಲುಪಿದೆ. ದೊಡ್ಡ ಮಾಸ್ಟರು ಎದ್ದರು. ಎಲ್ಲರೂ ಹಿಂದೆ ಸರಿಯಿರಿ ಎಂದು ಗಂಭೀರವಾಗಿ ಹೇಳಿ, ಒಂದು ಹೆಜ್ಜೆ ಇಟ್ಟರು. ಎರಡನೇ ಹೆಜ್ಜೆ ಇಡುವ ಅಗತ್ಯ ಬೀಳಲಿಲ್ಲ. ಅವರು ಸರ್ರನೆ ಜಾರಿ ಹೋಗಿ ಹನುಮಪ್ಪನ ಗೂಡಿನ ಮುಂದೆ ಕೂತಿದ್ದರು.

ಹಾಲಪ್ಪಜ್ಜ ಕುರ್ಚಿಯಿಂದ ಕದಲಲಿಲ್ಲ. "ಹೆಂಗೂ ಕುಂತೀರಿ, ಹಂಗ ಒಂದೀಟು ಕೈ ಮುಗದು ಏಳ್ರಿ," ಎಂದರು.

ಆಮೇಲೆ ಗೊತ್ತಾಯಿತು. ಕುಸ್ತಿಯ ಹಿಂದಿನ ದಿನ ಕಣಕ್ಕೆ ಉಣಿಸುವುದು ಗರಡಿಯ ಸಂಪ್ರದಾಯ. ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಬೆರೆಸಿ ಮಿದುವಾಗಿ ಕಲಸುತ್ತಾರೆ. ಬಿದ್ದರೆ ಗಾಯ ಕೀವಾಗಬಾರದು, ಚರ್ಮ ಸುಲಿಯಬಾರದು ಎಂದು. ಪರೀಕ್ಷೆ ಎಂದರೆ ಕುಸ್ತಿಯ ಹಾಗೇ ಅಲ್ಲವೇ? ಮಕ್ಕಳು ಬೀಳುವುದು ಮ್ಯಾಟಿನ ಮೇಲೆ ತಾನೇ? ಮಣ್ಣಿಗೆ ಮಾತ್ರ ಉಣಿಸಿ ಮ್ಯಾಟನ್ನು ಉಪವಾಸ ಕೆಡವಲು ಅಜ್ಜನಿಗೆ ಮನಸ್ಸು ಬಂದಿಲ್ಲ. ಶನಿವಾರ ಸಂಜೆ ಹಳೆಯ ಪೈಲ್ವಾನ್ ಗೆಳೆಯರನ್ನು ಕರೆಸಿ, ಒಳ್ಳೆಯ ಶೇಂಗಾ ಎಣ್ಣೆಯಲ್ಲಿ ಅರಿಶಿನ ಕಲಸಿ, ಮ್ಯಾಟಿನ ಮೂಲೆ ಮೂಲೆಗೂ ತಿಕ್ಕಿಸಿದ್ದಾರೆ. ಮಣ್ಣಾದರೆ ಕುಡಿಯುತ್ತಿತ್ತು. ರಬ್ಬರ್ ಕುಡಿಯುತ್ತದೆಯೇ?

ಸಲ್ಮಾ ಅಜ್ಜನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳ ತುಟಿ ಅದುರಿತು. ಅಳುತ್ತಾಳೆ ಅಂದುಕೊಂಡೆ. ಅವಳು ಬಿದ್ದು ಬಿದ್ದು ನಕ್ಕಳು. ಅವಳ ಹಿಂದೆ ಮಕ್ಕಳು, ತಾಯಂದಿರು, ಕೊನೆಗೆ ನರೆತ ಮೀಸೆಯ ಕೆಳಗೆ ದೊಡ್ಡ ಮಾಸ್ಟರೂ ನಕ್ಕರು. ಅಜ್ಜ ಮಾತ್ರ ಇದರಲ್ಲಿ ನಗುವಂಥದ್ದು ಏನಿದೆ ಎಂದು ಸುತ್ತ ನೋಡುತ್ತಿದ್ದರು.

ಪರೀಕ್ಷೆ ಕೆಮ್ಮಣ್ಣಿನ ಕಣಕ್ಕೆ ಬದಲಾಯಿತು. ಅಜ್ಜನದು ಒಂದೇ ಷರತ್ತು: ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳದೆ ಯಾರೂ ಇಳಿಯುವಂತಿಲ್ಲ. ದೊಡ್ಡ ಮಾಸ್ಟರೇ ಮೊದಲು ಹಚ್ಚಿಕೊಂಡರು. ಬಗ್ಗಿ ಕರಾಟೆ ನಮಸ್ಕಾರ ಒಂದು, ಮಣ್ಣಿಗೆ ನಮಸ್ಕಾರ ಇನ್ನೊಂದು. ಇಬ್ಬರು ಗುರುಗಳಿಗೂ ಲೆಕ್ಕ ಸರಿಹೋಯಿತು. ಮಕ್ಕಳು ಆ ಮಿದು ಮಣ್ಣಿನಲ್ಲಿ ಕಾಲೂರಿ ಎಷ್ಟು ಚೆನ್ನಾಗಿ ಒದ್ದರೆಂದರೆ, ಇವರು ಗಾಳಿಗೆ ಹೊಡೆದರೂ ಗಾಳಿಗೆ ಪೆಟ್ಟಾಗುವಂತೆ ಹೊಡೆಯುತ್ತಾರೆ ಎಂದು ಅಜ್ಜನೇ ಒಪ್ಪಿಕೊಂಡರು.

ಕೊನೆಗೆ ನನ್ನ ಹೆಸರು ಕರೆದರು. ಗುದ್ದು ಸರಿ ಹೋಯಿತು. ಒದೆತ ಪರವಾಗಿಲ್ಲ. ಕೂಗಿಗೆ ದೊಡ್ಡ ಮಾಸ್ಟರು ಕಿವಿ ಉಜ್ಜಿಕೊಂಡರು. ಇನ್ನು ತಗ್ಗಿ ನಿಲ್ಲುವ ಭಂಗಿ. ಅದಕ್ಕೆ ಮುಂಚೆ ಸಲ್ಮಾ ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದಳು, ಇವತ್ತು ಎಲ್ಲಿ ನೋವು ಎಂದು. ಅವಳಿಗೆ ಎಲ್ಲ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ನೋವಿನ ಎಣ್ಣೆಯ ವಾಸನೆ ಮುಚ್ಚಿಡುವಂಥದ್ದೇ?

"ಆರಾಮ್ ಮೇಡಂ," ಎಂದೆ. ಹಲ್ಲು ಕಾಣುವ ಹಾಗೆ ನಕ್ಕೆ ಕೂಡ.

ಕಾಲು ಮುಂದಿಟ್ಟೆ. ತಗ್ಗಿದೆ. ಮಂಡಿ ಕೈ ಕೊಟ್ಟಿತು. ಕೆಮ್ಮಣ್ಣಿನಲ್ಲಿ ಕೂತುಬಿಟ್ಟೆ. ಏಳಲು ಆಗಲಿಲ್ಲ. ಸಲ್ಮಾ ಓಡಿ ಬಂದು ನನ್ನ ಪ್ಯಾಂಟು ಮೇಲೆ ಸರಿಸಿದರೆ, ಮಂಡಿಯ ಸುತ್ತ ಪಟ್ಟಿ, ಪಟ್ಟಿಯ ಸುತ್ತ ಬಾವು. ಇಡೀ ಗರಡಿ ನೋಡುತ್ತಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಗಾಡಿ ಒರೆಸುವ ಅಂಗಿ ಕಣ್ಣ ಮುಂದೆ ಬಂತು.

ಸಲ್ಮಾ ದೊಡ್ಡ ಮಾಸ್ಟರ ಜೊತೆ ಮಾತಾಡಿ ಬಂದು ನನ್ನ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತಳು.

"ಹೊಡಿಯೋದು ನಿಮಗ ಚಲೋ ಬರ್ತೈತಿ. ನೋವಾಗ್ತೈತಿ ಅನ್ನೋದು ಬರಂಗಿಲ್ಲ. ಅದನ್ನ ಕಲ್ತು ಬರ್ರಿ, ಆಮ್ಯಾಲೆ ಬೆಲ್ಟ್ ಕೊಡ್ತೀನಿ," ಎಂದಳು.

ಫೇಲ್. ತಕ್ಕಡಿಯಲ್ಲಿ ಕೂರುತ್ತಿದ್ದ ಹುಡುಗಿ ನನ್ನನ್ನು ತೂಗಿ ಕೆಳಗಿಟ್ಟಿದ್ದಳು. ತೂಕ ಸರಿಯಾಗೇ ಇತ್ತು, ಅದೇ ಸಂಕಟ. ಆಮೇಲೆ ಅವಳು ಇಂಥ ಮಂಡಿ ಇಟ್ಟುಕೊಂಡು ಹಟ ಮಾಡಿದರೆ ಏನಾಗುತ್ತದೆ ಎಂದು ವಿವರಿಸಿದಳು. ಮೊದಲು ಡಾಕ್ಟರಿಗೆ ತೋರಿಸಬೇಕು. ಅವರು ಸರಿ ಎಂದ ಮೇಲೆ ಕುರ್ಚಿಯಲ್ಲಿ ಕೂತು ಕಾಲೆತ್ತಿ ಇಳಿಸುವ ವ್ಯಾಯಾಮ. ತೊಡೆ ಗಟ್ಟಿಯಾದರೆ ಮಂಡಿಯ ಭಾರ ಇಳಿಯುತ್ತದಂತೆ. ಅಲ್ಲಿಯವರೆಗೆ ಕ್ಲಾಸಿಗೆ ಬಂದು ಕೈ ಕೆಲಸ ಮಾತ್ರ. ಕೂಗು ಎಷ್ಟು ಬೇಕಾದರೂ.

ಹಾಲಪ್ಪಜ್ಜ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ತಮ್ಮ ಕಾಲದಲ್ಲಿ ನೋವು ಎಂದರೆ ಉಸ್ತಾದರು ಇನ್ನೂ ನೂರು ಬಸ್ಕಿ ಹೊಡೆಸುತ್ತಿದ್ದರು ಎಂದು ಹಿಂದೊಮ್ಮೆ ಹೆಮ್ಮೆಯಿಂದ ಹೇಳಿದ್ದವರು. ಅವತ್ತು ಅಂಗೈಯನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡರು.

"ತಂಗೀ, ನಾ ಈ ಕುರ್ಚಿ ಬಿಟ್ಟು ನೆಲಕ್ಕ ಕುಂತು ಎಷ್ಟು ವರ್ಷ ಆತೋ. ನಮ್ಮನ್ನ ಯಾರೂ ಹಿಂಗ ಕೇಳಿದ್ದಿಲ್ಲ ನೋಡು," ಎಂದರು.

ಅಷ್ಟೇ ಹೇಳಿ, ಮ್ಯಾಟು ತೊಳೆಯಲು ಸೀಗೆಪುಡಿ ಒಳ್ಳೆಯದೋ ಕಡಲೆಹಿಟ್ಟು ಒಳ್ಳೆಯದೋ ಎಂದು ಸಲ್ಮಾಳನ್ನು ವಿಚಾರಿಸತೊಡಗಿದರು.

ನಾನು ಕುಂಟುತ್ತಾ ಮನೆಗೆ ಬಂದೆ. ಅತ್ತೆ ಬಾಗಿಲಲ್ಲಿ ನಿಲ್ಲಿಸಿ ಮೂಸಿದ್ದು ಆಗಲೇ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಒಳಗಿಂದ ಬಂದರು. ಅವರ ಕಣ್ಣು ನೇರವಾಗಿ ನನ್ನ ಸೊಂಟಕ್ಕೆ ಹೋಯಿತು. ನಾನೂ ಬಗ್ಗಿ ನೋಡಿದೆ.

ಮ್ಯಾಟಿನ ಉದ್ದಕ್ಕೂ ಜಾರಿ, ಕಣದಲ್ಲಿ ಕೂತು ಎದ್ದ ನನ್ನ ಬಿಳಿ ಬೆಲ್ಟು ಅಪ್ಪಟ ಹಳದಿಯಾಗಿತ್ತು!

"ಲೇ, ಗೆದ್ದು ಬಂದ್ಯಲ್ಲ," ಎಂದರು ನಮ್ಮವರು. ನಾನು ಇಲ್ಲ ಎನ್ನಬೇಕಿತ್ತು. ಆದರೆ ಅವರ ಮುಖ ಅಷ್ಟು ಅರಳಿತ್ತು. ಗಾಡಿ ಒರೆಸುವ ಅಂಗಿಗಾಗಿ ಕಾದಿದ್ದ ಮನುಷ್ಯನೇ ಇವರು? ನೋಡುತ್ತಿರುವಾಗಲೇ ಕೊಟ್ಟೂರಿನ ತಂಗಿಗೆ ಫೋನು ಹೋಯಿತು. ಕೂಡ್ಲಿಗಿಯ ಭಾವನಿಗೆ ಹೋಯಿತು. ಹಗರಿಬೊಮ್ಮನಹಳ್ಳಿಯ ಬೀಗರಿಗೂ ಹೋಯಿತು. "ನಮ್ಮಾಕಿ" ಎಂದು ಅವರು ಹೇಳುವ ದನಿಯನ್ನು ಕೇಳುತ್ತಾ ನಾನು ಕಂಬ ಹಿಡಿದು ನಿಂತಿದ್ದೆ. ಸಂಜೆಗೆ ಮಂಡಕ್ಕಿ-ಮಿರ್ಚಿ ಬಂತು. ಫೇಲಾದವಳು ನಾಲ್ಕು ಮಿರ್ಚಿ ತಿಂದೆ. (ಶುಗರಿಗೆ ಮಿರ್ಚಿಯಿಂದ ತೊಂದರೆ ಇಲ್ಲ ಎಂಬುದು ನನ್ನ ಸ್ವಂತ ಅಭಿಪ್ರಾಯ.)

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬೆಲ್ಟು ತೊಳೆಯಲು ಕೂತೆ. ಸೋಪಿನ ಪುಡಿ ಬಿದ್ದದ್ದೇ ತಡ, ಹಳದಿ ಬೆಲ್ಟು ರಕ್ತಗೆಂಪಾಯಿತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹಂಪಸಾಗರದಿಂದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅರಿಶಿನದ ಕಲೆ ತೊಳೆದೂ ತೊಳೆದೂ ಹಣ್ಣಾದ ಜೀವ. ಅವರ ಮುಂದೆ ಯಾವ ಕರಾಟೆ ನಡೆಯುತ್ತದೆ?

"ಅಂಗಡಿ ಬಣ್ಣ ಸೋಪಿಗೆ ಕೆಂಪಾಗಂಗಿಲ್ಲವ್ವಾ," ಎಂದರು.

ಎಲ್ಲ ಹೇಳಿದೆ. ಮ್ಯಾಟು, ಮಾಸ್ಟರು, ಮಂಡಿ, ಫೇಲು, ಎಲ್ಲ. ಸಲ್ಮಾ ಕೇಳುವ ಪ್ರಶ್ನೆಯನ್ನೂ ಹೇಳಿದೆ. ಮಾಸ್ಟರು ಜಾರಿದ್ದಕ್ಕೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ನಿಧಾನವಾಗಿ, ಬಹಳ ನಿಧಾನವಾಗಿ, ಬಚ್ಚಲ ಕಲ್ಲಿನ ಮೇಲೆ ಕೂತರು. ಅವರು ಹೀಗೆ ಕೂರುವುದನ್ನು ದಿನಾ ನೋಡುತ್ತೇನೆ. ಅವತ್ತೇ ಕಂಡಿದ್ದು.

"ನನಗೂ ಬಲಗಾಲ ಮಂಡಿ ನೋಯ್ತೈತಿ. ಆ ಎಣ್ಣಿ ನಾನೂ ಹಚ್ಕಂತಿದ್ದೆ. ಅವನಿಗೆ ಹೇಳಬ್ಯಾಡ, ಸುಮ್ನ ಚಿಂತಿ ಮಾಡ್ತಾನ," ಎಂದರು.

ನನ್ನ ಕಣ್ಣು ತುಂಬಿತು. ಕೈ ತುಂಬ ಸೋಪಿನ ನೊರೆ, ಒರೆಸಿಕೊಳ್ಳಲೂ ಆಗಲಿಲ್ಲ. ನಾವಿಬ್ಬರೂ ಒಂದೇ ಬಾಟಲಿಯನ್ನು ಒಬ್ಬರಿಗೊಬ್ಬರು ಗೊತ್ತಾಗದಂತೆ ಖಾಲಿ ಮಾಡುತ್ತಿದ್ದೆವು, ಎದುರಿಗೆ ಸಿಕ್ಕರೆ ಆರಾಮ್ ಎನ್ನುತ್ತಿದ್ದೆವು. ಈಗ ಅತ್ತೆ-ಸೊಸೆ ಇಬ್ಬರೂ ಡಾಕ್ಟರಿಗೆ ತೋರಿಸಿ ಬಂದು, ಬೆಳಿಗ್ಗೆ ಎರಡು ಕುರ್ಚಿ ಹಾಕಿಕೊಂಡು ಕಾಲೆತ್ತಿ ಇಳಿಸುತ್ತಿದ್ದೇವೆ. ಬೆಲ್ಟು ಒಣಗಿ ಮತ್ತೆ ಹಳದಿಯಾಗಿ ತಂತಿಯ ಮೇಲೆ ಜೋತಾಡುತ್ತಿದೆ. ಬೀದಿಯವರೆಲ್ಲ ನೋಡಿ ಶಹಬ್ಬಾಸ್ ಎನ್ನುತ್ತಿದ್ದಾರೆ.

ಅವನಿಗೆ ಹೇಳಬೇಡ ಎಂದಿದ್ದಾರೆ ಅತ್ತೆ. ನಾನು ಹೇಳಿಲ್ಲ. ಬರೆದಿದ್ದೇನೆ, ಅಷ್ಟೇ.

ಒಂದು ವಿಷಯ ಬಾಕಿ ಇದೆ. ಅತ್ತೆ ದಿನ ಬಿಟ್ಟು ದಿನ ಒಂದಿಷ್ಟೇ ಹಚ್ಚಿಕೊಳ್ಳುವವರು. ನಾನು ಭಾನುವಾರದಿಂದ ಆ ಎಣ್ಣೆಯನ್ನೇ ಮುಟ್ಟಿಲ್ಲ. ಆದರೂ ಸೋಮವಾರ ತಂದಿಟ್ಟ ಹೊಸ ಬಾಟಲಿ ಆಗಲೇ ಅರ್ಧಕ್ಕೆ ಇಳಿದಿದೆ.

ರೀ, ಅಂಗಡಿಯಲ್ಲಿ ಕೂತು ಇದನ್ನು ಓದುತ್ತಿದ್ದೀರಲ್ಲ: ನಾನು ಫೇಲಾಗಿದ್ದೇನೆ, ಅಂಗಿಯನ್ನಂತೂ ಕೊಡುವುದಿಲ್ಲ, ಈಗ ನೀವು ಹೇಳಿ, ನಿಮಗೆ ಎಲ್ಲಿ ನೋವು?